ರಾಜಕೀಯ ಆಶ್ರಯ ಮತ್ತು ಪತ್ರಿಕಾ ಸ್ವಾತಂತ್ರ್ಯ

ರಾಜಕೀಯ ಆಶ್ರಯವೆಂದರೆ, ತನ್ನ ರಾಜಕೀಯ ಅಭಿಪ್ರಾಯದ ಕಾರಣದಿಂದ ಒಂದು ಸರ್ಕಾರದ ದಮನಕ್ಕೆ ಗುರಿಯಾದ ಅಥವಾ ಗುರಿಯಾಗುವ ಸಕಾರಣ ಭಯವುಳ್ಳ ವ್ಯಕ್ತಿಗೆ, ಆ ಸರ್ಕಾರದ ಅಧಿಕಾರ ಸಲ್ಲದ ಇನ್ನೊಂದು ಪ್ರಭುತ್ವವು ತನ್ನ ನೆಲದಲ್ಲಿ ನೀಡುವ ರಕ್ಷಣೆ. ಸುದ್ದಿ ಮತ್ತು ವಿಚಾರಗಳನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಸಂಗ್ರಹಿಸುವ, ಅಚ್ಚುಹಾಕುವ ಮತ್ತು ಹಂಚುವ ಹಕ್ಕನ್ನು ಪತ್ರಿಕಾ ಸ್ವಾತಂತ್ರ್ಯವೆನ್ನುತ್ತಾರೆ. ಮೊದಲನೆಯದು ಅಂತರರಾಷ್ಟ್ರೀಯ ಕಾನೂನಿಗೂ ಎರಡನೆಯದು ಸಂವಿಧಾನಕ್ಕೂ ಸೇರಿದ ವಿಷಯವೆಂದು ಸಾಮಾನ್ಯವಾಗಿ ಬೇರೆಬೇರೆಯಾಗಿಯೇ ಚರ್ಚಿಸಲಾಗುತ್ತದೆಯಾದರೂ, ಪತ್ರಕರ್ತರ ಮೇಲೆ ಹಗೆ ಸಾಧಿಸುವ ಸರ್ಕಾರವೊಂದು ಅಧಿಕಾರದಲ್ಲಿದ್ದಾಗ ಎರಡೂ ಕೂಡಿಯೇ ಬಂದಿವೆ. ಏಕೆಂದರೆ ಒಂದು ಊರಿನಲ್ಲಿ ನಿಲ್ಲಿಸಲಾದ ಪತ್ರಿಕೆ ಗಡಿಯ ಆಚೆಗೆ ಹೋಗಿ ಮತ್ತೆ ಅಚ್ಚಾಗಬಲ್ಲದೇ ಎಂಬುದು, ಅದರ ಸಂಪಾದಕನಿಗೆ ಅಲ್ಲಿ ನೆಲೆ ಸಿಗುತ್ತದೆಯೇ ಎಂಬುದನ್ನೇ ಅವಲಂಬಿಸಿದೆ. ಈ ಲೇಖನವು ಕನ್ನಡ ನಾಡು, ಅದರ ನೆರೆಯ ಪ್ರದೇಶಗಳು ಮತ್ತು ಮುಂಬಯಿ, ಠಾಣೆ, ಕಲ್ಯಾಣ, ಭಿವಂಡಿಗಳನ್ನೊಳಗೊಂಡ ಉತ್ತರ ಕೊಂಕಣದ ಇತಿಹಾಸವನ್ನು ಮುಖ್ಯ ಆಧಾರವಾಗಿ ಇಟ್ಟುಕೊಂಡಿದೆ.

ಪರಿಭಾಷೆ

ಆಶ್ರಯ ಕೊಡುವ ರಾಜ್ಯವು ತನ್ನದೇ ನೆಲದಲ್ಲಿ ಕೊಡುವ ರಕ್ಷಣೆ ಪ್ರಾದೇಶಿಕ ಆಶ್ರಯ. ಇನ್ನೊಂದು ದೇಶದಲ್ಲಿರುವ ತನ್ನ ರಾಯಭಾರ ಕಚೇರಿಯೊಳಗೆ ಕೊಡುವುದು ರಾಯಭಾರ ಆಶ್ರಯ. ಒಬ್ಬ ಆರೋಪಿಯನ್ನು ವಿಚಾರಣೆಗಾಗಿ ಒಂದು ರಾಜ್ಯ ಇನ್ನೊಂದು ರಾಜ್ಯಕ್ಕೆ ಒಪ್ಪಿಸುವ ಕ್ರಮಕ್ಕೆ ಹಸ್ತಾಂತರ ಎಂದೂ, ಸರ್ಕಾರವೇ ವ್ಯಕ್ತಿಯನ್ನು ತನ್ನ ಎಲ್ಲೆಯಿಂದ ಹೊರಹಾಕುವುದಕ್ಕೆ ಗಡೀಪಾರು ಎಂದೂ ಹೆಸರು. ಕಿರುಕುಳದ ಭಯವಿರುವ ನಾಡಿಗೆ ಯಾರನ್ನೂ ಹಿಂದಕ್ಕೆ ಅಟ್ಟಬಾರದೆಂಬ ತತ್ತ್ವವನ್ನು ಇಲ್ಲಿ ಮರಳಿ ಅಟ್ಟದಿರುವ ನಿಯಮ ಎಂದು ಕರೆಯಲಾಗಿದೆ. ನಿರಾಶ್ರಿತ ಎಂಬ ಪದವನ್ನು 1951ರ ನಿರಾಶ್ರಿತರ ಒಡಂಬಡಿಕೆಯ ಅರ್ಥದಲ್ಲಿ, ಅಂದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಸಕಾರಣ ಭಯದಿಂದ ಸ್ವದೇಶದ ಹೊರಗಿರುವವನು ಎಂಬ ಅರ್ಥದಲ್ಲಿ ಬಳಸಲಾಗಿದೆ. ಅಚ್ಚಾಗುವ ಮೊದಲೇ ಬರಹವನ್ನು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಾದ ವ್ಯವಸ್ಥೆಯೇ ಪೂರ್ವ ಸೆನ್ಸಾರ್.

ಉಗಮ

ದೇಗುಲ, ಇಗರ್ಜಿ, ಮಠಗಳಲ್ಲಿ ಮರೆಹೊಕ್ಕವರನ್ನು ಕಾಯುವ ರೂಢಿ ಬಹು ಹಳೆಯದಾದರೂ, ರಾಜಕೀಯ ಆಶ್ರಯದ ಆಧುನಿಕ ಕಲ್ಪನೆ ಫ್ರೆಂಚ್ ಕ್ರಾಂತಿಯಿಂದ ಈಚಿನದು. ಸ್ವಾತಂತ್ರ್ಯದ ಕಾರಣಕ್ಕೆ ತಮ್ಮ ನಾಡಿನಿಂದ ಹೊರದೂಡಲ್ಪಟ್ಟ ವಿದೇಶಿಯರಿಗೆ ಆಶ್ರಯ ಕೊಡುವುದಾಗಿ ಫ್ರಾನ್ಸಿನ 1793ರ ಸಂವಿಧಾನ ಸಾರಿತ್ತು. ರಾಜಕೀಯ ಅಪರಾಧಿಗಳನ್ನು ಹಸ್ತಾಂತರದಿಂದ ಹೊರಗಿಟ್ಟ ಮೊದಲ ಶಾಸನ ಬೆಲ್ಜಿಯಂ ದೇಶದ್ದು. ಅದು 1833ರಲ್ಲಿ ಜಾರಿಗೆ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ಮತ್ತು ಜಿನೀವಾ ನಗರಗಳು ದೇಶಭ್ರಷ್ಟ ಪತ್ರಿಕೆಗಳ ತವರಾದವು. ರಷ್ಯಾದ ಅಲೆಕ್ಸಾಂಡರ್ ಹೆರ್ಜೆನ್ 1857ರಿಂದ 'ಕೊಲೊಕೊಲ್' ಪತ್ರಿಕೆಯನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿ ರಷ್ಯಾದೊಳಕ್ಕೆ ಕಳಿಸುತ್ತಿದ್ದನು.

ಭಾರತೀಯರು ಇದೇ ಮಾರ್ಗವನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಿಡಿದರು. ಶ್ಯಾಮಜಿ ಕೃಷ್ಣವರ್ಮರು 1905ರಲ್ಲಿ ಲಂಡನ್ನಿನಲ್ಲಿ 'ಇಂಡಿಯನ್ ಸೋಷಿಯಾಲಜಿಸ್ಟ್' ಪತ್ರಿಕೆಯನ್ನು ಆರಂಭಿಸಿ, 1907ರಲ್ಲಿ ತಾವು ಪ್ಯಾರಿಸ್ಸಿಗೆ ನೆಲೆ ಬದಲಿಸಿದರು. ಲಂಡನ್ನಿನಲ್ಲಿ ಉಳಿದ ಅದರ ಮುದ್ರಕರು 1909ರಲ್ಲಿ ಶಿಕ್ಷೆಗೊಳಗಾದರು. ಮುಂಬಯಿಯಲ್ಲಿ ಹುಟ್ಟಿದ ಮೇಡಂ ಭಿಕಾಜಿ ಕಾಮಾ 1909ರಲ್ಲಿ ಜಿನೀವಾದಿಂದ 'ಬಂದೇ ಮಾತರಂ' ಪತ್ರಿಕೆಯನ್ನು ಹೊರತಂದರು. ಸ್ಯಾನ್ ಫ್ರಾನ್ಸಿಸ್ಕೋದಿಂದ 1913ರ ನವೆಂಬರ್ 1ರಂದು 'ಗದರ್' ಹೊರಟಿತು. ಭಾರತದೊಳಗೇ ಇದ್ದ ಫ್ರೆಂಚ್ ವಸಾಹತುಗಳೂ ಇದೇ ಕೆಲಸಕ್ಕೆ ಬಂದವು: ಸುಬ್ರಹ್ಮಣ್ಯ ಭಾರತಿಯವರು 1908ರಲ್ಲಿ ಪಾಂಡಿಚೇರಿಗೆ ಹೋಗಿ 'ಇಂಡಿಯಾ' ವಾರಪತ್ರಿಕೆಯನ್ನು ಅಲ್ಲಿಂದ ಮುಂದುವರಿಸಿದರು, ಅರವಿಂದ ಘೋಷರು ಚಂದ್ರನಗರದ ಮೂಲಕ 1910ರ ಏಪ್ರಿಲ್ 4ರಂದು ಪಾಂಡಿಚೇರಿಯನ್ನು ಸೇರಿದರು. ಭಾರತಿಯವರ ಪತ್ರಿಕೆಯನ್ನು ಬ್ರಿಟಿಷರು ಪಾಂಡಿಚೇರಿಯೊಳಗೆ ಮುಟ್ಟಲಾಗಲಿಲ್ಲ. ಆದರೆ ತಮ್ಮ ಸೀಮೆಗೆ ಅದು ಬರದಂತೆ ತಡೆದು, ಓದುಗರಿಲ್ಲದ ಪತ್ರಿಕೆಯಾಗಿಸಿದರು. ಪ್ರಾದೇಶಿಕ ಆಶ್ರಯವು ಪತ್ರಕರ್ತನನ್ನು ಉಳಿಸಿದರೂ ಪತ್ರಿಕೆಯನ್ನು ಉಳಿಸಲಾರದೆಂಬ ಮಿತಿ ಇಲ್ಲಿ ಎದ್ದು ಕಂಡಿತು.

ದಮನದ ಶಾಸನಗಳು

ಪತ್ರಿಕೆಯೊಂದು ಸರ್ಕಾರದ ಕೈಗೆ ಸಿಗುವ ಬಗೆಯನ್ನು ತಿಳಿಯದೆ ಆಶ್ರಯದ ಬೆಲೆ ತಿಳಿಯುವುದಿಲ್ಲ. 1867ರ ಪ್ರೆಸ್ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಮುದ್ರಕನೂ ಪ್ರಕಾಶಕನೂ ಮ್ಯಾಜಿಸ್ಟ್ರೇಟರ ಮುಂದೆ ಡಿಕ್ಲರೇಷನ್ ಸಲ್ಲಿಸಬೇಕಿತ್ತು. ಪತ್ರಿಕೆ ಎಲ್ಲಿ ಅಚ್ಚಾಗುತ್ತದೆ, ಯಾರು ಹೊಣೆ ಎಂಬುದು ಹೀಗೆ ಸರ್ಕಾರದ ದಫ್ತರದಲ್ಲಿ ಮೊದಲೇ ದಾಖಲಾಗಿರುತ್ತಿತ್ತು. ರಾಜದ್ರೋಹದ 124ಎ ಕಲಂ 1870ರಲ್ಲಿ ದಂಡಸಂಹಿತೆಗೆ ಸೇರಿತು. 1908ರ ಪತ್ರಿಕಾ ಕಾಯಿದೆ ಅಚ್ಚುಕೂಟವನ್ನೇ ಜಪ್ತಿ ಮಾಡುವ ಅಧಿಕಾರವನ್ನು ಕೊಟ್ಟರೆ, 1910ರ ಭಾರತೀಯ ಪತ್ರಿಕಾ ಕಾಯಿದೆ ಹೊಸ ಅಚ್ಚುಕೂಟಗಳಿಂದ 500 ರೂಪಾಯಿಗಳಿಂದ 2,000 ರೂಪಾಯಿಗಳವರೆಗೆ ಜಾಮೀನು ಠೇವಣಿ ಕೇಳಿ, ಒಪ್ಪದ ಬರಹ ಕಂಡಾಗ ಆ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಹಾದಿ ತೆರೆಯಿತು. ಕನ್ನಡ, ಮರಾಠಿಯ ಸಣ್ಣ ಪತ್ರಿಕೆಗಳಿಗೆ ಜೈಲಿಗಿಂತ ಈ ಠೇವಣಿ, ಜಪ್ತಿಗಳೇ ಹೆಚ್ಚು ಮಾರಕವಾದವು, ಏಕೆಂದರೆ ಜೈಲಿಗೆ ಹೋದ ಸಂಪಾದಕನ ಜಾಗಕ್ಕೆ ಇನ್ನೊಬ್ಬ ಬರಬಹುದಾಗಿದ್ದರೂ ಹೋದ ಅಚ್ಚುಮೊಳೆಗಳ ಜಾಗಕ್ಕೆ ಬೇರೆ ಅಚ್ಚುಮೊಳೆಗಳು ಬರುವುದು ದುರ್ಲಭವಾಗಿತ್ತು.

ಗಡೀಪಾರು ಇನ್ನೊಂದು ಅಸ್ತ್ರ. 'ಬಾಂಬೆ ಕ್ರಾನಿಕಲ್' ಸಂಪಾದಕ ಬಿ.ಜಿ. ಹಾರ್ನಿಮನ್ ಅವರನ್ನು, ಪಂಜಾಬಿನ ದಮನವನ್ನು ಬಯಲಿಗೆಳೆದ ಕಾಲದಲ್ಲಿ, 1919ರ ಏಪ್ರಿಲ್‌ನಲ್ಲಿ ಮುಂಬಯಿಯಿಂದ ಇಂಗ್ಲೆಂಡಿಗೆ ಸಾಗಿಸಲಾಯಿತು. ಅವರು ಮರಳಿ ಬಂದದ್ದು 1926ರಲ್ಲಿ. ತಿರುವಾಂಕೂರಿನ 'ಸ್ವದೇಶಾಭಿಮಾನಿ' ಸಂಪಾದಕ ಕೆ. ರಾಮಕೃಷ್ಣ ಪಿಳ್ಳೆ ಅವರ ಅಚ್ಚುಕೂಟವನ್ನು 1910ರ ಸೆಪ್ಟೆಂಬರ್ 26ರಂದು ಜಪ್ತಿ ಮಾಡಿ, ಅವರನ್ನು ಸಂಸ್ಥಾನದಿಂದ ಹೊರಹಾಕಲಾಯಿತು. ಅವರು ಬ್ರಿಟಿಷ್ ಮಲಬಾರಿನಲ್ಲಿ ಬರವಣಿಗೆಯನ್ನು ಮುಂದುವರಿಸಿ 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು.

ಮಾರ್ಸೇಲ್ಸ್ ಪ್ರಕರಣ ಮತ್ತು ಠಾಣೆ ಜೈಲು

ಭಾರತೀಯನೊಬ್ಬನ ಆಶ್ರಯದ ಹಕ್ಕು ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ಬಂದ ಮೊದಲ ಸಂದರ್ಭ ಉತ್ತರ ಕೊಂಕಣದ ಇತಿಹಾಸದೊಡನೆ ನೇರವಾಗಿ ಹೆಣೆದುಕೊಂಡಿದೆ. ನಾಸಿಕದ ಗಣೇಶ ಸಾವರ್ಕರರಿಗೆ 1909ರಲ್ಲಿ ದೇಶಭಕ್ತಿಯ ಪದ್ಯಗಳನ್ನು ಪ್ರಕಟಿಸಿದ್ದಕ್ಕಾಗಿ ಕರಿನೀರಿನ ಶಿಕ್ಷೆಯಾಯಿತು. ಅವರನ್ನು ವಿಚಾರಣೆಗೆ ಒಪ್ಪಿಸಿದ್ದ ಕಲೆಕ್ಟರ್ ಜಾಕ್ಸನ್ ಅದೇ ವರ್ಷದ ಡಿಸೆಂಬರ್ 21ರಂದು ನಾಸಿಕದಲ್ಲಿ ಕೊಲೆಯಾದನು. ಆ ಕೊಲೆಗಾಗಿ ಅನಂತ ಕಾನ್ಹೇರೆ ಮತ್ತು ಇನ್ನಿಬ್ಬರನ್ನು 1910ರ ಏಪ್ರಿಲ್ 19ರಂದು ಠಾಣೆ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಗಣೇಶರ ತಮ್ಮ ವಿನಾಯಕ ದಾಮೋದರ ಸಾವರ್ಕರರು ಆಗ ಲಂಡನ್ನಿನಲ್ಲಿದ್ದರು. ಅಲ್ಲಿಂದ ಮರಾಠಿ ಪತ್ರಿಕೆಗಳಿಗೆ ಸುದ್ದಿಪತ್ರಗಳನ್ನು ಕಳಿಸುತ್ತಿದ್ದ ಅವರ, 1857ರ ದಂಗೆಯನ್ನು ಕುರಿತ ಪುಸ್ತಕವನ್ನು ಸರ್ಕಾರ ಪ್ರಕಟಣೆಗೆ ಮೊದಲೇ ನಿಷೇಧಿಸಿತ್ತು. 1910ರ ಮಾರ್ಚ್ 13ರಂದು ಅವರ ಬಂಧನವಾಯಿತು. ಅವರ ಮೇಲಿನ ಆರೋಪಗಳು ಬರಹ, ಭಾಷಣಗಳಿಗೆ ಮಾತ್ರ ಸೀಮಿತವಾಗಿರದೆ, ರಾಜನ ವಿರುದ್ಧ ಯುದ್ಧ ಹೂಡಿದ್ದು ಮತ್ತು ಪಿಸ್ತೂಲುಗಳನ್ನು ಭಾರತಕ್ಕೆ ರವಾನಿಸಿದ್ದೂ ಅವುಗಳಲ್ಲಿ ಸೇರಿದ್ದವು. ಆದ್ದರಿಂದ ಇದನ್ನು ಶುದ್ಧ ಪತ್ರಿಕಾ ಪ್ರಕರಣವೆಂದು ಎಣಿಸಲಾಗದು.

'ಮೋರಿಯಾ' ಹಡಗಿನಲ್ಲಿ ಅವರನ್ನು ಭಾರತಕ್ಕೆ ತರುತ್ತಿದ್ದಾಗ, 1910ರ ಜುಲೈ 8ರಂದು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಅವರು ಹಡಗಿನ ಕಿಂಡಿಯಿಂದ ನೀರಿಗೆ ಹಾರಿ ದಡ ಸೇರಿದರು. ಫ್ರೆಂಚ್ ಪೊಲೀಸನೊಬ್ಬನು ಅವರನ್ನು ಹಿಡಿದು ಹಡಗಿನ ಕಾವಲುಗಾರರಿಗೆ ಒಪ್ಪಿಸಿಬಿಟ್ಟನು. ತನ್ನ ನೆಲದ ಮೇಲೆ ಕಾಲಿಟ್ಟ ರಾಜಕೀಯ ಆರೋಪಿಯನ್ನು ಹಸ್ತಾಂತರದ ವಿಧಿಯಿಲ್ಲದೆ ಕೊಂಡೊಯ್ದದ್ದು ಆಶ್ರಯದ ಹಕ್ಕಿನ ಉಲ್ಲಂಘನೆಯೆಂದು ಫ್ರಾನ್ಸ್ ವಾದಿಸಿ, ಅವರನ್ನು ಮರಳಿಸುವಂತೆ ಬ್ರಿಟನ್ನನ್ನು ಕೇಳಿತು. ವಿವಾದವು ಹೇಗ್ ನಗರದ ಶಾಶ್ವತ ಪಂಚಾಯಿತಿ ನ್ಯಾಯಾಲಯದ ಐವರು ಸದಸ್ಯರ ಮಂಡಳಿಗೆ ಹೋಯಿತು. ಮಂಡಳಿಯು 1911ರ ಫೆಬ್ರವರಿ 24ರಂದು ಕೊಟ್ಟ ತೀರ್ಪಿನಲ್ಲಿ, ಬಂಧನದಲ್ಲಿ ಕ್ರಮದೋಷವಿತ್ತೆಂದು ಒಪ್ಪಿಕೊಂಡರೂ, ಅಂಥ ದೋಷದ ಕಾರಣಕ್ಕೆ ಕೈದಿಯನ್ನು ಹಿಂದಿರುಗಿಸಬೇಕೆಂಬ ನಿಯಮ ಅಂತರರಾಷ್ಟ್ರೀಯ ಕಾನೂನಿನಲ್ಲಿಲ್ಲವೆಂದು ಹೇಳಿತು. ಈ ಪ್ರಕರಣದಲ್ಲಿ ಗಮನಿಸಬೇಕಾದ್ದು ದಿನಾಂಕಗಳ ಕ್ರಮ: ಮುಂಬಯಿಯ ವಿಶೇಷ ನ್ಯಾಯಮಂಡಳಿ ಮೊದಲ ಜೀವಾವಧಿ ಶಿಕ್ಷೆಯನ್ನು 1910ರ ಡಿಸೆಂಬರ್ 24ರಂದು, ಎರಡನೆಯದನ್ನು 1911ರ ಜನವರಿ 30ರಂದು, ಎಂದರೆ ಆಶ್ರಯದ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ವಿಧಿಸಿಯಾಗಿತ್ತು. ಡೋಂಗ್ರಿ, ಭಾಯಖಳಾ ಜೈಲುಗಳ ಬಳಿಕ ಸಾವರ್ಕರರನ್ನು ಠಾಣೆ ಜೈಲಿನಲ್ಲಿರಿಸಿ, ಅಲ್ಲಿಂದ ಅಂಡಮಾನಿಗೆ ಒಯ್ಯಲಾಯಿತು. ಪೋರ್ಚುಗೀಸರ ಕಾಲದ ಕೋಟೆಯೊಳಗಿರುವ ಈ ಜೈಲು ಇಂದಿಗೂ ಠಾಣೆ ಕೇಂದ್ರ ಕಾರಾಗೃಹವಾಗಿ ಬಳಕೆಯಲ್ಲಿದೆ. ಕಾನೂನುಬಾಹಿರವಾಗಿ ಹಿಡಿದು ತಂದ ಆರೋಪಿಯ ವಿಚಾರಣೆ ಸಿಂಧುವೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಈ ತೀರ್ಪನ್ನು ಉಲ್ಲೇಖಿಸಲಾಗುತ್ತದೆ.

ಕನ್ನಡ ನಾಡಿನ ಒಳಗಡಿಗಳು

1956ರ ಏಕೀಕರಣಕ್ಕೆ ಮೊದಲು ಕನ್ನಡ ಮಾತನಾಡುವ ನೆಲವು ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳು, ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳು, ಕೊಡಗು ಹಾಗೂ ಹಲವು ಸಣ್ಣ ಸಂಸ್ಥಾನಗಳಲ್ಲಿ ಹರಿದುಹಂಚಿಹೋಗಿತ್ತು. ನಾಡಿಗೆ ಹೊರೆಯಾಗಿದ್ದ ಈ ಒಡಕು, ಪತ್ರಿಕೆಗಳ ಪಾಲಿಗೆ ಕೆಲವೊಮ್ಮೆ ರಕ್ಷಣೆಯೂ ಆಯಿತು. ಒಂದು ಆಡಳಿತದ ಆಜ್ಞೆ ಮುಂದಿನ ರೈಲು ನಿಲ್ದಾಣದಲ್ಲಿ ನಡೆಯುತ್ತಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ 1908ರ ವೃತ್ತಪತ್ರಿಕಾ ನಿಬಂಧನೆ ಜಾರಿಯಾಗಿ, ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲವೆಂದಾಯಿತು. ತಾತಯ್ಯ ಎಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. 1881ರಿಂದ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದ ಬೆಂಗಳೂರು ದಂಡುಪ್ರದೇಶ ಮೈಸೂರಿನ ನಿಬಂಧನೆಗಳಿಂದ ಹೊರಗಿತ್ತು. ಹಾಗಾಗಿ ಒಂದೇ ಊರಿನ ಪೇಟೆಗೂ ದಂಡಿಗೂ ಎರಡು ಪತ್ರಿಕಾ ಕಾನೂನುಗಳಿದ್ದವು.

ಇಂಥ ಗಡಿದಾಟುವಿಕೆಯ ಸ್ಪಷ್ಟ ಉದಾಹರಣೆ 1947ರದು. ಜವಾಬ್ದಾರಿ ಸರ್ಕಾರಕ್ಕಾಗಿ ಆ ವರ್ಷದ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ನಡೆದಾಗ ಸಂಸ್ಥಾನದ ಸರ್ಕಾರ ಪತ್ರಿಕೆಗಳನ್ನು ಹತ್ತಿಕ್ಕಿತು. 'ಪೌರವಾಣಿ'ಯ ಎಚ್.ಎಸ್. ದೊರೆಸ್ವಾಮಿಯವರು (1918–2021) ಮುದ್ರಣವನ್ನು ಮದ್ರಾಸ್ ಪ್ರಾಂತದ ಅನಂತಪುರ ಜಿಲ್ಲೆಗೆ ಸೇರಿದ್ದ ಹಿಂದೂಪುರಕ್ಕೆ ಸಾಗಿಸಿ, ಅಲ್ಲಿ ಅಚ್ಚಾದ ಪ್ರತಿಗಳು ಮೈಸೂರು ಸೀಮೆಯೊಳಕ್ಕೆ ಬರುವಂತೆ ಮಾಡಿದರು. ಬೆಂಗಳೂರು–ಗುಂತಕಲ್ ರೈಲುಮಾರ್ಗದ ಮೇಲಿರುವ ಹಿಂದೂಪುರ ಮೈಸೂರಿನ ಗಡಿಗೆ ತಾಗಿದ್ದರೂ ಬೇರೆ ಪ್ರಭುತ್ವದ ನೆಲವಾಗಿತ್ತು. ಅಕ್ಟೋಬರಿನಲ್ಲಿ ಚಳವಳಿಗಾರರೊಡನೆ ಒಪ್ಪಂದವಾಗಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಹೈದರಾಬಾದಿನ ಸ್ಥಿತಿ ಹೆಚ್ಚು ಕಠಿಣವಾಗಿತ್ತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ವಿಲೀನಪರ ಕಾರ್ಯಕರ್ತರು ಮುಂಬಯಿ ಪ್ರಾಂತದ ಮುಂಡರಗಿ, ಗಜೇಂದ್ರಗಡಗಳಲ್ಲಿ ಗಡಿ ಶಿಬಿರಗಳನ್ನು ನಡೆಸಿದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೊರಗಿನ ಕಚೇರಿಗಳು ಮುಂಬಯಿ, ಸೊಲ್ಲಾಪುರ, ಗದಗ, ಬೆಜವಾಡಗಳಲ್ಲಿದ್ದವು. ಗಡಿ ದಾಟದೆ ಒಳಗೇ ಉಳಿದು ಭಾರತದೊಡನೆ ವಿಲೀನವನ್ನು ಸಮರ್ಥಿಸಿದ ಉರ್ದು ದಿನಪತ್ರಿಕೆ 'ಇಮ್ರೋಜ್' ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟ್ 22ರಂದು ಹೈದರಾಬಾದಿನಲ್ಲಿ ಕೊಲ್ಲಲಾಯಿತು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೈನಿಕ ಕಾರ್ಯಾಚರಣೆ ನಡೆದದ್ದು ಮುಂದಿನ ತಿಂಗಳಲ್ಲಿ.

ಗಡಿಯ ಈ ರಕ್ಷಣೆಯನ್ನು ಕಾನೂನಿನಿಂದಲೇ ಮುಚ್ಚುವ ಯತ್ನವೂ ನಡೆದಿತ್ತು. ದೇಶೀ ರಾಜರನ್ನು ಟೀಕಿಸುವ ಬ್ರಿಟಿಷ್ ಭಾರತದ ಪತ್ರಿಕೆಗಳನ್ನು ಶಿಕ್ಷಿಸಲು 1922ರಲ್ಲಿ ಒಂದು, 1934ರಲ್ಲಿ ಇನ್ನೊಂದು ಸಂಸ್ಥಾನ ರಕ್ಷಣಾ ಕಾಯಿದೆ ಬಂದವು.

ಗೋವಾ, ಮುಂಬಯಿ ಮತ್ತು ಕ್ಯಾಸಲ್‌ರಾಕ್

ಪೋರ್ಚುಗಲ್ಲಿನ ಸಲಜಾರ್ ಆಡಳಿತದಲ್ಲಿ ಗೋವಾದ ಪತ್ರಿಕೆಗಳು ಪೂರ್ವ ಸೆನ್ಸಾರಿಗೆ ಒಳಪಟ್ಟಿದ್ದವು. ಲೂಯಿಸ್ ದ ಮೆನೆಜಿಸ್ ಬ್ರಗಾಂಝಾ ಅವರ 'ಪ್ರಕಾಶ' ಪತ್ರಿಕೆಯನ್ನು 1937ರಲ್ಲಿ ನಿಲ್ಲಿಸಲಾಯಿತು. ಗೋವಾದ ಸ್ವಾತಂತ್ರ್ಯ ಹೋರಾಟಗಾರ ಟಿ.ಬಿ. ಕುನ್ಹಾ ಅವರನ್ನು 1946ರಲ್ಲಿ ಬಂಧಿಸಿ, ಸೈನಿಕ ನ್ಯಾಯಾಲಯದಲ್ಲಿ ಎಂಟು ವರ್ಷಗಳ ಶಿಕ್ಷೆ ವಿಧಿಸಿ ಪೋರ್ಚುಗಲ್ಲಿಗೆ ಸಾಗಿಸಲಾಯಿತು. ಅವರು ಅಲ್ಲಿಂದ ಪ್ಯಾರಿಸ್ಸಿಗೆ ತಪ್ಪಿಸಿಕೊಂಡು, 1953ರಲ್ಲಿ ಮುಂಬಯಿಗೆ ಬಂದು 'ಫ್ರೀ ಗೋವಾ' ಪತ್ರಿಕೆಯನ್ನು ಹೊರಡಿಸಿದರು. 1958ರಲ್ಲಿ ಮುಂಬಯಿಯಲ್ಲಿಯೇ ನಿಧನರಾದರು.

ಅಚ್ಚಾದ ಕಾಗದವನ್ನು ಗಡಿಯಲ್ಲಿ ತಡೆಯಬಹುದು, ಧ್ವನಿಯನ್ನು ಹಾಗೆ ತಡೆಯಲಾಗದು ಎಂಬುದರ ಮೇಲೆ ನಿಂತ ಪ್ರಯೋಗವೊಂದು ಕನ್ನಡದ ನೆಲದಲ್ಲಿ ನಡೆಯಿತು. ಗೋವಾದ ಹೋರಾಟಗಾರರಾದ ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ 1955ರ ನವೆಂಬರ್ 25ರಂದು ಆಂಬೋಲಿಯ ಕಾಡಿನಿಂದ ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಸ್ವಾತಂತ್ರ್ಯದ ಧ್ವನಿ ಎಂಬ ಅರ್ಥದ ಹೆಸರಿನ ಭೂಗತ ಬಾನುಲಿಯನ್ನು ಆರಂಭಿಸಿ, ಬಳಿಕ ಅದನ್ನು ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್‌ಗೆ ಸಾಗಿಸಿದರು. ಗೋವಾದ ಗಡಿಯಂಚಿನ ಈ ರೈಲು ಊರಿನಿಂದ ಪ್ರಸಾರವು 1961ರ ಡಿಸೆಂಬರ್‌ವರೆಗೂ ನಡೆದು, ಲಿಸ್ಬನ್ನಿನ ಸೆನ್ಸಾರು ಮುಚ್ಚಿಟ್ಟ ಸುದ್ದಿಗಳನ್ನು ಗೋವಾದ ಮನೆಗಳಿಗೆ ಮುಟ್ಟಿಸಿತು. ಆಶ್ರಿತ ಮಾಧ್ಯಮದ ಭಾರತೀಯ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಬಿಡದೆ ನಡೆದ ಕೆಲಸಗಳು ವಿರಳವಾಗಿದ್ದು, ಕರ್ನಾಟಕದ ಮಾಧ್ಯಮ ಚರಿತ್ರೆಗಳಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಸಂವಿಧಾನದ ಕಾಲ

ಸಂವಿಧಾನ ಜಾರಿಯಾದ ಮೇಲೆ ಒಳಗಡಿಗಳ ಅರ್ಥವೇ ಬದಲಾಯಿತು. ರೊಮೇಶ್ ಥಾಪರ್ ಅವರು ಮುಂಬಯಿಯಲ್ಲಿ ಅಚ್ಚು ಹಾಕಿಸುತ್ತಿದ್ದ 'ಕ್ರಾಸ್ ರೋಡ್ಸ್' ವಾರಪತ್ರಿಕೆಯ ಪ್ರವೇಶವನ್ನು ಮದ್ರಾಸ್ ಸರ್ಕಾರ 1950ರ ಮಾರ್ಚಿನಲ್ಲಿ ನಿಷೇಧಿಸಿತು; ಮಂಗಳೂರು, ಕಾಸರಗೋಡು, ಬಳ್ಳಾರಿಗಳು ಆಗ ಮದ್ರಾಸಿಗೇ ಸೇರಿದ್ದವು. ಪ್ರಸಾರದ ಸ್ವಾತಂತ್ರ್ಯವಿಲ್ಲದೆ ಪ್ರಕಟಣೆಗೆ ಬೆಲೆಯಿಲ್ಲವೆಂಬ ಕಾರಣದಿಂದ ಸುಪ್ರೀಂ ಕೋರ್ಟ್ ಅದೇ ವರ್ಷದ ಮೇ 26ರಂದು ಆ ನಿಷೇಧವನ್ನು ರದ್ದುಪಡಿಸಿತು. 1951ರ ಮೊದಲ ತಿದ್ದುಪಡಿಯು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ನಿರ್ಬಂಧಕ್ಕೆ ಅವಕಾಶ ಕಲ್ಪಿಸಿ, ಈ ತೀರ್ಪಿನ ವ್ಯಾಪ್ತಿಯನ್ನು ಕುಗ್ಗಿಸಿತು.

1975ರ ಜೂನ್ 25ರಂದು ಘೋಷಿತವಾದ ತುರ್ತುಪರಿಸ್ಥಿತಿಯಲ್ಲಿ ದೇಶಕ್ಕೆಲ್ಲ ಒಂದೇ ಸೆನ್ಸಾರ್ ಆಜ್ಞೆ ಬಂದದ್ದರಿಂದ ಹಿಂದೂಪುರದಂಥ ಮಾರ್ಗ ಉಳಿಯಲಿಲ್ಲ. ಆದರೂ ವಿರೋಧಪಕ್ಷಗಳ ಆಡಳಿತವಿದ್ದ ತಮಿಳುನಾಡು 1976ರ ಜನವರಿಯವರೆಗೆ, ಗುಜರಾತ್ ಆ ವರ್ಷದ ಮಾರ್ಚಿನವರೆಗೆ ಭೂಗತರಿಗೆ ಒಂದು ಬಗೆಯ ಒಳನಾಡಿನ ಆಶ್ರಯವಾದವು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ ಈ ಎರಡೂ ರಾಜ್ಯಗಳಲ್ಲಿ ಓಡಾಡಿದ್ದರು. ಕರ್ನಾಟಕದಲ್ಲಿ 'ಕಹಳೆ' ಎಂಬ ಭೂಗತ ಪತ್ರಿಕೆ ಹಂಚಿಕೆಯಾಯಿತು. ಇಂದಿರಾ ಗಾಂಧಿಯವರಿಗೆ ಪತ್ರ ಬರೆದು ಸರ್ವಾಧಿಕಾರವನ್ನು ಖಂಡಿಸಿದ ದೊರೆಸ್ವಾಮಿಯವರು ಈ ಸಲ ಜೈಲು ಸೇರಿದರು. ಹಿಂದೆ ಠಾಣೆ ಜಿಲ್ಲೆಯ ಉಲ್ಹಾಸನಗರದಿಂದ ಚುನಾವಣೆಗೆ ನಿಂತಿದ್ದ ವಕೀಲ ರಾಮ್ ಜೇಠ್ಮಲಾನಿ ಬಂಧನವನ್ನು ತಪ್ಪಿಸಿಕೊಂಡು ಉತ್ತರ ಅಮೆರಿಕಕ್ಕೆ ಹೋಗಿ, ತುರ್ತುಪರಿಸ್ಥಿತಿಯ ವಿರುದ್ಧ ಅಲ್ಲಿಂದ ಪ್ರಚಾರ ನಡೆಸಿದರು. ಮಿನೂ ಮಸಾನಿಯವರ 'ಫ್ರೀಡಂ ಫಸ್ಟ್' ಪತ್ರಿಕೆಯ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು 1976ರಲ್ಲಿ ಸೆನ್ಸಾರನ ಅಧಿಕಾರಕ್ಕೆ ಎಲ್ಲೆ ಹಾಕಿದ್ದು ಆ ಕಾಲದ ನ್ಯಾಯಾಂಗ ತೋರಿದ ಧೈರ್ಯಗಳಲ್ಲೊಂದು.

ಕಾನೂನಿನ ಚೌಕಟ್ಟು

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 14ನೆಯ ವಿಧಿ ಆಶ್ರಯ ಕೋರುವ ಮತ್ತು ಅನುಭವಿಸುವ ಹಕ್ಕನ್ನೂ, 19ನೆಯ ವಿಧಿ ಗಡಿಗಳ ಹಂಗಿಲ್ಲದೆ ಮಾಹಿತಿ ಪಡೆಯುವ ಹಾಗೂ ಹಂಚುವ ಹಕ್ಕನ್ನೂ ಸಾರುತ್ತವೆ. ಆಶ್ರಯವನ್ನು ಕೊಡಲೇಬೇಕೆಂಬ ಬಾಧ್ಯತೆಯನ್ನು ಘೋಷಣೆ ಯಾವ ರಾಜ್ಯದ ಮೇಲೂ ಹೊರಿಸಿಲ್ಲ. 1951ರ ಒಡಂಬಡಿಕೆಯ 33ನೆಯ ವಿಧಿ ಮರಳಿ ಅಟ್ಟದಿರುವ ನಿಯಮವನ್ನು ವಿಧಿಸುತ್ತದೆ. ಭಾರತವು ಈ ಒಡಂಬಡಿಕೆಗಾಗಲಿ 1967ರ ಅದರ ಪೂರಕ ಒಪ್ಪಂದಕ್ಕಾಗಲಿ ಸಹಿ ಹಾಕಿಲ್ಲ. ರಾಯಭಾರ ಆಶ್ರಯವು ಮುಖ್ಯವಾಗಿ ಲ್ಯಾಟಿನ್ ಅಮೆರಿಕದ ರೂಢಿ. 2012ರಿಂದ 2019ರವರೆಗೆ ಲಂಡನ್ನಿನ ಈಕ್ವೆಡಾರ್ ರಾಯಭಾರ ಕಚೇರಿಯಲ್ಲಿದ್ದ ಜೂಲಿಯನ್ ಅಸಾಂಜ್ ಇದರ ಈಚಿನ ಪ್ರಸಿದ್ಧ ಉದಾಹರಣೆ.

ಭಾರತದ 1962ರ ಹಸ್ತಾಂತರ ಕಾಯಿದೆಯ 31ನೆಯ ಕಲಂ ರಾಜಕೀಯ ಸ್ವರೂಪದ ಅಪರಾಧಕ್ಕಾಗಿ ಯಾರನ್ನೂ ಒಪ್ಪಿಸಬಾರದೆನ್ನುತ್ತದೆ. ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯ ನಾಗರಿಕರಿಗಷ್ಟೇ ಸಲ್ಲುತ್ತದೆ, 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಎಲ್ಲರಿಗೂ ಸಲ್ಲುತ್ತದೆ. ಆಶ್ರಯ ಪಡೆದ ವಿದೇಶಿ ಪತ್ರಕರ್ತನು ಬದುಕುವ ಹಕ್ಕಿನ ಒಳಗೂ ಬರೆಯುವ ಹಕ್ಕಿನ ಹೊರಗೂ ಉಳಿಯುವುದು ಈ ವ್ಯತ್ಯಾಸದಿಂದ.

ಇಂದಿನ ಸ್ಥಿತಿ

ಆಶ್ರಯವನ್ನು ಕುರಿತ ಪ್ರತ್ಯೇಕ ಶಾಸನ ಭಾರತದಲ್ಲಿಲ್ಲ. 2015ರಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಆಶ್ರಯ ಮಸೂದೆ ಅಂಗೀಕಾರವಾಗಲಿಲ್ಲ. ಟಿಬೆಟನ್ನರಿಗೆ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆ ಸಿಕ್ಕಿದ್ದು ಕಾನೂನಿನಿಂದಲ್ಲ, ಸರ್ಕಾರದ ನಿರ್ಧಾರದಿಂದ. ಮ್ಯಾನ್ಮಾರಿನಿಂದ ಬಂದ ಪತ್ರಕರ್ತರು 1998ರಲ್ಲಿ ದೆಹಲಿಯಲ್ಲಿ 'ಮಿಜ್ಜಿಮಾ' ಸುದ್ದಿಸಂಸ್ಥೆಯನ್ನು ಕಟ್ಟಿದರು. 2021ರ ಸೈನಿಕ ದಂಗೆಯ ಬಳಿಕ ಅದರ ಪತ್ರಕರ್ತರೂ ಸೇರಿ ಏಳು ಮಂದಿ ಮಣಿಪುರಕ್ಕೆ ಬಂದಾಗ, ಮಣಿಪುರ ಹೈಕೋರ್ಟು ಮರಳಿ ಅಟ್ಟದಿರುವ ನಿಯಮವನ್ನು 21ನೆಯ ವಿಧಿಯಲ್ಲಿ ಕಂಡು, ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯನ್ನು ಸಂಪರ್ಕಿಸಲು ಅವರು ದೆಹಲಿಗೆ ತೆರಳುವಂತೆ ಅನುವು ಮಾಡಿತು. 1994ರಲ್ಲಿ ಬಾಂಗ್ಲಾದೇಶವನ್ನು ತೊರೆದ ಲೇಖಕಿ ತಸ್ಲೀಮಾ ನಸ್ರೀನ್ ಭಾರತದಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ವಾಸದ ಪರವಾನಗಿಯ ಮೇಲೆ. ಅವರದೆಂದು ಹೇಳಲಾದ ಲೇಖನದ ಅನುವಾದ 'ಕನ್ನಡಪ್ರಭ'ದಲ್ಲಿ ಪ್ರಕಟವಾದದ್ದರ ಬೆನ್ನಲ್ಲೇ 2010ರ ಮಾರ್ಚ್ 1ರಂದು ಶಿವಮೊಗ್ಗ ಮತ್ತು ಹಾಸನಗಳಲ್ಲಿ ಗಲಭೆ ನಡೆದು ಸಾವುಗಳಾದವು. ಕರ್ನಾಟಕದ ಯಾವ ಪತ್ರಿಕೆಗೂ ತಾವು ಬರೆದಿಲ್ಲವೆಂದು ಅವರು ತಿಳಿಸಿದರು.

ದೇಶದೊಳಗಿನ ಪತ್ರಕರ್ತರ ಸ್ಥಿತಿಯೂ ನಿಶ್ಚಿಂತೆಯದಲ್ಲ. ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಸಂಪಾದಕಿ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಎಲ್ಗಾರ್ ಪರಿಷತ್ ಪ್ರಕರಣದಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯಡಿ ಬಂಧಿತರಾದ ಪತ್ರಕರ್ತ ಗೌತಮ್ ನವಲಖಾ ನವಿ ಮುಂಬಯಿಯ ತಳೋಜಾ ಜೈಲಿನಲ್ಲೂ, 2022ರ ನವೆಂಬರ್‌ನಿಂದ ಅದೇ ನಗರದಲ್ಲಿ ಗೃಹಬಂಧನದಲ್ಲೂ ಇದ್ದು, 2024ರ ಮೇ 14ರಂದು ಸುಪ್ರೀಂ ಕೋರ್ಟಿನಿಂದ ಜಾಮೀನು ಪಡೆದರು. ರಾಜದ್ರೋಹದ ಕಲಮನ್ನು ಪ್ರಶ್ನಿಸಿದವರಲ್ಲಿ ಮೈಸೂರಿನ ನಿವೃತ್ತ ಸೇನಾಧಿಕಾರಿ ಎಸ್.ಜಿ. ಒಂಬತ್ಕೆರೆ ಒಬ್ಬರು, 2022ರ ಮೇ 11ರಂದು ಕೋರ್ಟು ಅದರ ಬಳಕೆಯನ್ನು ತಡೆಹಿಡಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 152ನೆಯ ಕಲಂ ರಾಜದ್ರೋಹವೆಂಬ ಹೆಸರನ್ನು ಕೈಬಿಟ್ಟು ಹತ್ತಿರದ ಅಪರಾಧವನ್ನೇ ಉಳಿಸಿಕೊಂಡಿದೆ. ಗಡಿಗಳಿಲ್ಲದ ವರದಿಗಾರರು ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2025ರ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ ಭಾರತ 180 ದೇಶಗಳ ನಡುವೆ 151ನೆಯ ಸ್ಥಾನದಲ್ಲಿತ್ತು.

1946ರ ವಿದೇಶಿಯರ ಕಾಯಿದೆಯ ಬದಲಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯಿದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಆಶ್ರಯ ಕೋರುವವರಿಗೆ ಅದರಲ್ಲಿ ಪ್ರತ್ಯೇಕ ವಿಧಾನವಿಲ್ಲದ ಕಾರಣ, ದಾಖಲೆಯಿಲ್ಲದ ವಿದೇಶಿಯರಿಗಾಗಿ ಭಿವಂಡಿಯ ಪವರ್‌ಲೂಮ್ ಕೇರಿಗಳಲ್ಲಿ ಅಥವಾ ಠಾಣೆ, ನವಿ ಮುಂಬಯಿಗಳ ವಸತಿಗಳಲ್ಲಿ ಪೊಲೀಸರು ನಡೆಸುವ ತಪಾಸಣೆಯಲ್ಲಿ ಕೂಲಿ ಅರಸಿ ಬಂದವನಿಗೂ, ಬರೆದುದಕ್ಕಾಗಿ ಓಡಿಬಂದವನಿಗೂ ಒಂದೇ ಕಲಂ ಅನ್ವಯಿಸುತ್ತದೆ. ಇಬ್ಬರ ನಡುವಿನ ಭೇದವನ್ನು ಗುರುತಿಸುವ ಹೊಣೆ ದೆಹಲಿ ಮತ್ತು ಚೆನ್ನೈಗಳಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಗಳಿಗೂ, ಪ್ರಕರಣ ಕೋರ್ಟಿಗೆ ಬಂದರೆ ನ್ಯಾಯಾಧೀಶರಿಗೂ ಸೇರಿದ್ದಾಗಿ ಉಳಿದಿದೆ.